ಬೆಳಗಿನ ಜಾವ ಐದು ಗಂಟೆಯ ನೀರು

ಹರಿಗೋಲಿನ ನಡುವಿಗೇ ಕಾಲಿಡಿ. ಅಂಚಿಗೆ ಇಟ್ಟರೆ ಅದು ಮಗುಚುತ್ತದೆ, ಈ ನೀರಿಗೆ ಬೀಳುವ ಆಸೆ ಯಾರಿಗೂ ಇರುವುದಿಲ್ಲ. ಮಾರ್ಚ್ ತಿಂಗಳು, ಬೆಳಗಿನ ಜಾವ ಐದು ಗಂಟೆ, ಬೆಂಗಳೂರಿನ ಹಲಸೂರು ಕೆರೆ. ರಸ್ತೆ ದೀಪಗಳ ಹಳದಿ ಬೆಳಕು ದಡದಿಂದ ನಿಮ್ಮ ಕಾಲಬುಡದವರೆಗೂ ಚಾಚಿಕೊಂಡಿದೆ. ನಡುಗಡ್ಡೆಯ ಮರಗಳಲ್ಲಿ ನೀರುಕಾಗೆಗಳು ಇನ್ನೂ ಎದ್ದಿಲ್ಲ. ನಿಮ್ಮ ತೊಡೆಯ ಮೇಲೊಂದು ಮರದ ಪೆಟ್ಟಿಗೆ. ಅದರೊಳಗೆ ಗಾಜಿನ ಬಿರಡೆಯ ಮೂರು ಬಾಟಲಿ, ರಾಸಾಯನಿಕದ ಸೀಸೆಗಳು, ಪಿಪೆಟ್ಟು, ಗುರುತು ಹಾಕಿದ ಹಗ್ಗ.

"ಅಲ್ಲಾಡ್‌ಬ್ಯಾಡಿ ಸಾರ್, ಕುಂತ್ಕಳಿ," ಎನ್ನುತ್ತಾರೆ ಹುಟ್ಟು ಹಿಡಿದ ಮೀನುಗಾರರು. ಕೂರುತ್ತೀರಿ. ತಳದ ಬಿದಿರಿನ ಹೆಣಿಗೆಯಿಂದ ತಣ್ಣನೆಯ ತೇವ ಪ್ಯಾಂಟಿಗೆ ಇಳಿಯುತ್ತದೆ. ಹುಟ್ಟು ಬಿದ್ದಲ್ಲೆಲ್ಲ ನೀರು ದಪ್ಪಗೆ ಸದ್ದು ಮಾಡುತ್ತದೆ.

ಮೊದಲು ವಾಸನೆ. ದಡ ಬಿಟ್ಟಾಗ ಹಸಿ ಪಾಚಿಯ ವಾಸನೆಯಿತ್ತು, ಒಂದಿಷ್ಟು ಮೀನಿನದೂ. ಈಗ ಹರಿಗೋಲು ಚರಂಡಿ ಬಂದು ಸೇರುವ ಮೂಲೆಯತ್ತ ತಿರುಗಿದೆ, ಕೊಳೆತ ಮೊಟ್ಟೆಯ ನಾತ ಗಂಟಲಿಗೇ ಬಂದು ಕೂರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಹುಟ್ಟಿಸುತ್ತವೆ. ಸ್ವಲ್ಪ ಹೊತ್ತಿಗೆ ನಾತ ಕಡಿಮೆಯಾದಂತೆ ಅನ್ನಿಸುತ್ತದೆ. ನಂಬಬೇಡಿ, ಒಗ್ಗಿಹೋಗಿರುವುದು ನಿಮ್ಮ ಮೂಗು.

ಇಷ್ಟು ಹೊತ್ತಿಗೇ ಏಕೆ ಬರಬೇಕು? ಮಧ್ಯಾಹ್ನ ಆರಾಮವಾಗಿ ಬರಬಹುದಿತ್ತಲ್ಲ. ಆದರೆ ಮಧ್ಯಾಹ್ನ ಈ ಕೆರೆ ಬೇರೆಯದೇ ಮುಖ ತೋರಿಸುತ್ತದೆ. ಬಿಸಿಲಿಗೆ ಹಸಿರು ಪಾಚಿ ಆಹಾರ ತಯಾರಿಸುತ್ತಾ ಆಮ್ಲಜನಕ ಬಿಡುತ್ತದೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಏಳು, ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಸಹಜವಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಪಾಚಿ ದಟ್ಟವಾಗಿರುವ ಕೆರೆಯ ಮೇಲ್ಪದರದಲ್ಲಿ ಮಧ್ಯಾಹ್ನ ಎರಡಕ್ಕೆ ಅದನ್ನೂ ಮೀರಿದ ಅಂಕಿ ಸಿಗುತ್ತದೆ. ಆ ಅಂಕಿ ನೋಡಿದವರು ಕೆರೆ ಆರೋಗ್ಯವಾಗಿದೆ ಎಂದು ಸಹಿ ಹಾಕಿಬಿಡಬಹುದು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಉಸಿರಾಡುವುದಷ್ಟೇ, ಕೊಡುವುದೇನೂ ಇಲ್ಲ. ಮೀನು, ಹುಳು, ಕೊಳಚೆ ತಿನ್ನುವ ಬ್ಯಾಕ್ಟೀರಿಯಾ, ಪಾಚಿ ಎಲ್ಲವೂ ರಾತ್ರಿಯಿಡೀ ಒಂದೇ ದಾಸ್ತಾನಿಗೆ ಕೈಹಾಕುತ್ತವೆ. ಅದು ತೀರಾ ತಳ ಮುಟ್ಟುವುದು ಸೂರ್ಯ ಹುಟ್ಟುವ ಮುಂಚಿನ ಈ ಗಳಿಗೆಯಲ್ಲಿ. ಆಳವಿಲ್ಲದ ಕೆರೆಯಲ್ಲಿ ದಾಸ್ತಾನೇ ಚಿಕ್ಕದು.

2016ರ ಮಾರ್ಚ್‌ನಲ್ಲಿ ಇದೇ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ದಡದುದ್ದಕ್ಕೂ ಬೆಳ್ಳನೆಯ ಹೊಟ್ಟೆಗಳ ಸಾಲು. ನೀರಿನಲ್ಲಿ ಆಮ್ಲಜನಕ ಕುಸಿದಿದ್ದೇ ಕಾರಣ ಎಂದು ಆಗ ಹೇಳಲಾಯಿತು. ಆ ಮೀನುಗಳು ಮಧ್ಯಾಹ್ನದ ಸರಾಸರಿಯಲ್ಲಿ ಬದುಕಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಇದೇ ನೀರಿನಲ್ಲಿದ್ದವು.

ಹರಿಗೋಲು ನಿಂತಿದೆ. ಈಗ ನಿರ್ಧಾರ ನಿಮ್ಮದು. ಎಡಕ್ಕೆ ನಡುಗಡ್ಡೆಯ ಕಡೆ ನೀರು ತಿಳಿಯಾಗಿ ಕಾಣುತ್ತದೆ. ಬಲಕ್ಕೆ ಚರಂಡಿಯ ಬಾಯಿ, ನೊರೆ, ತೇಲುವ ಪ್ಲಾಸ್ಟಿಕ್ಕು. ನಡುವಿನಲ್ಲಿ ಮಾತ್ರ ಅದ್ದಿದರೆ ಕೊಳಚೆಯನ್ನು ಮುಚ್ಚಿಟ್ಟಂತೆ. ಬಾಯಲ್ಲಿ ಮಾತ್ರ ಅದ್ದಿದರೆ ಇಡೀ ಕೆರೆಯೇ ಚರಂಡಿ ಎಂದಂತೆ. ಮೂರೇ ಬಾಟಲಿಗಳಿವೆ. ಒಂದು ನಡುನೀರಿನ ಮೇಲ್ಪದರಕ್ಕೆ, ಒಂದು ಚರಂಡಿ ಬಾಯಿಗೆ. ಮೂರನೆಯದು? ತಳಕ್ಕೆ. ಅಲ್ಲಿ ಏನಿದೆಯೆಂದು ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಅದನ್ನೇ ಮೊದಲು ಇಳಿಸುತ್ತೀರಿ.

ಮೀನುಗಾರರು ಹರಿಗೋಲು ನಿಲ್ಲಿಸಲೆಂದು ಗಳ ಎತ್ತುತ್ತಾರೆ. "ಊರಬೇಡಿ!" ನಿಮ್ಮ ದನಿ ನಿಮಗೇ ಜೋರೆನಿಸುತ್ತದೆ. ಗಳ ಕೆಸರಿಗೆ ತಾಗಿದರೆ ತಳ ಕದಡಿ ಮಾದರಿ ಕೆಡುತ್ತದೆ. ತೂಕ ಕಟ್ಟಿದ ಮಾದರಿ ಕೊಳವೆಯನ್ನು ಹಗ್ಗದಲ್ಲಿ ಇಳಿಬಿಡುತ್ತೀರಿ. ಒಂದು ಗಂಟು, ಎರಡು ಗಂಟು. ಕೆಸರಿನಿಂದ ಒಂದು ಮೊಳ ಮೇಲೆಯೇ ಕೈ ನಿಲ್ಲಬೇಕು. ಕೈಗವಸಿನೊಳಗೆ ಬೆರಳು ಬೆವರುತ್ತಿದೆ. ಮುಚ್ಚಳ ಬೀಳಿಸಿ ಮೇಲಕ್ಕೆ ಎಳೆಯುತ್ತೀರಿ. ನೀರನ್ನು ಗಾಜಿನ ಬಾಟಲಿಗೆ ಸುರಿಯುವಂತಿಲ್ಲ, ಸುರಿದರೆ ಗಾಳಿ ಬೆರೆಯುತ್ತದೆ. ರಬ್ಬರ್ ನಳಿಗೆಯ ತುದಿಯನ್ನು ಬಾಟಲಿಯ ತಳಕ್ಕೆ ಇಟ್ಟು, ನೀರು ತುಂಬಿ ಉಕ್ಕಿ ಹರಿಯುವವರೆಗೂ ಕಾಯಬೇಕು. ಒಂದು ಗುಳ್ಳೆಯೂ ಉಳಿಯಬಾರದು.

ಆಗಲೇ ಆ ಸದ್ದು. ಪುಳಕ್. ಮತ್ತೆ ಇನ್ನೊಂದು ಕಡೆ, ಪುಳಕ್.

"ಮ್ಯಾಲಕ್ಕೆ ಬರ್ತಾವೆ ಸಾರ್," ಮೀನುಗಾರರ ದನಿ ತಗ್ಗಿದೆ. "ನೆನ್ನೆಯೆಲ್ಲಾ ಮೋಡ. ಬಾಯ್ ಬಿಡ್ತಾವೆ ನೋಡಿ."

ಟಾರ್ಚು ತಿರುಗಿಸುತ್ತೀರಿ. ಬೆಳಕಿನ ವೃತ್ತದಲ್ಲಿ ದುಂಡನೆಯ ಬಾಯಿಗಳು. ಕಾಟ್ಲಾ, ರೋಹು, ಅವುಗಳ ನಡುವೆ ಜಿಲೇಬಿ ಮೀನು. ದೊಡ್ಡವೇ ಮೊದಲು ಬಂದಿವೆ, ಅವುಗಳ ಮೈಗೆ ಹೆಚ್ಚು ಉಸಿರು ಬೇಕು. ಗಾಳಿಗೆ ಅಂಟಿಕೊಂಡ ತೆಳ್ಳನೆಯ ಮೇಲ್ಪದರದ ನೀರನ್ನು ಹೀರಿ ಹೀರಿ ಕಿವಿರಿನಿಂದ ಹೊರಬಿಡುತ್ತಿವೆ. ಬೆಳಕಿಗೂ ಬೆದರುತ್ತಿಲ್ಲ. ಹತ್ತು, ಇಪ್ಪತ್ತು, ಆಮೇಲೆ ಎಣಿಸಲಾಗುವುದಿಲ್ಲ. ನಿಮ್ಮ ಎದೆಯೂ ಬಿಗಿಯುತ್ತದೆ, ನೀವೂ ಬಾಯಿಂದ ಉಸಿರೆಳೆಯುತ್ತಿದ್ದೀರಿ.

ಫೋನ್ ತೆಗೆಯಬೇಕು. ಪಂಪು ಹಾಕಿಸಿ ನೀರು ಚಿಮ್ಮಿಸಿದರೆ ಕೆಲವಾದರೂ ಉಳಿಯುತ್ತವೆ. ಆದರೆ ಕೈಯಲ್ಲಿ ಬಾಟಲಿ ತುಂಬಿ ನಿಂತಿದೆ. ಈಗಲೇ ರಾಸಾಯನಿಕ ಹಾಕದಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕವನ್ನೂ ಮುಗಿಸುತ್ತವೆ. ಆಮೇಲೆ ಸಿಗುವ ಉತ್ತರ ಕೆರೆಯದಲ್ಲ, ಬಾಟಲಿಯದು. "ನೀವು ಫೋನ್ ಮಾಡಿ," ಎಂದು ಮೀನುಗಾರರಿಗೆ ಹೇಳಿ ಪಿಪೆಟ್ಟು ಎತ್ತಿಕೊಳ್ಳುತ್ತೀರಿ. ಅವರು ಒಂದು ಕೈಯಲ್ಲಿ ಹುಟ್ಟು ಹಿಡಿದು, ಇನ್ನೊಂದರಲ್ಲಿ ಯಾರನ್ನೋ ನಿದ್ದೆಯಿಂದ ಎಬ್ಬಿಸುತ್ತಿದ್ದಾರೆ.

ಪಿಪೆಟ್ಟಿನ ತುದಿ ನೀರಿನೊಳಗೆ. ಮ್ಯಾಂಗನೀಸ್ ಸಲ್ಫೇಟು. ಆಮೇಲೆ ಕ್ಷಾರ, ಅಯೊಡೈಡು, ಅಜೈಡು ಬೆರೆಸಿದ ದ್ರಾವಣ. ಬಿರಡೆ ಒತ್ತಿ. ತಲೆಕೆಳಗು ಮಾಡಿ. ಮತ್ತೆ. ಮತ್ತೆ. ನೀರಿನಲ್ಲಿ ಆಮ್ಲಜನಕವಿದ್ದರೆ ಮೋಡದಂಥ ಕಂದು ಗಸಿ ಹುಟ್ಟಬೇಕು, ಹೆಚ್ಚಿದ್ದಷ್ಟೂ ಗಾಢ ಕಂದು. ಟಾರ್ಚಿಗೆ ಹಿಡಿಯುತ್ತೀರಿ.

ಬಿಳಿ.

ಕಂದಿನ ಸುಳಿವೂ ಇಲ್ಲದ ಹಾಲು ಬಿಳಿ ಗಸಿ ನಿಧಾನವಾಗಿ ಕೆಳಗಿಳಿಯುತ್ತಿದೆ. ಪ್ರಯೋಗಾಲಯದ ಲೆಕ್ಕಕ್ಕೆ ಕಾಯಬೇಕಾಗಿಲ್ಲ, ತಳದಲ್ಲಿ ಆಮ್ಲಜನಕ ಇಲ್ಲ. ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಮಾಡಿರುವ ಕನಿಷ್ಠ ಮಟ್ಟ ಲೀಟರಿಗೆ 4 ಮಿಲಿಗ್ರಾಂ. ಉಳಿದೆರಡು ಬಾಟಲಿಗಳನ್ನೂ ತುಂಬುತ್ತೀರಿ. ಚರಂಡಿ ಬಾಯಿಯದೂ ಬಿಳಿಯೇ. ನಡುನೀರಿನ ಮೇಲ್ಪದರದ್ದು ಮಾಸಲು ಕಂದು, ಆ ಮೀನುಗಳು ಹೀರುತ್ತಿರುವುದು ಇಷ್ಟನ್ನೇ.

ಪೂರ್ವಕ್ಕೆ ಬೂದು ಬೆಳಕು ಹರಿಯುತ್ತದೆ. ಇನ್ನು ಎರಡು ಗಂಟೆಯಲ್ಲಿ ಪಾಚಿ ಮತ್ತೆ ಆಮ್ಲಜನಕ ಬಿಡತೊಡಗುತ್ತದೆ, ಬದುಕಿ ಉಳಿದ ಮೀನುಗಳು ಕೆಳಗಿಳಿಯುತ್ತವೆ. ಆದರೆ ಹಗಲಿಗೂ ಅದರದೇ ಆದ ಅಪಾಯವಿದೆ. ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ನೀರಿನ ಪಿಎಚ್ ಏರುತ್ತದೆ. ಕೊಳಚೆಯಿಂದ ಬಂದ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ, 9ಕ್ಕೆ ಏರಿದರೆ ಮೂರರಲ್ಲಿ ಒಂದು. ರಾತ್ರಿ ಉಸಿರುಕಟ್ಟು, ಹಗಲು ವಿಷ. ಇವೆರಡಕ್ಕೂ ಮೂಲ ಇದೇ ಚರಂಡಿ. ಅದನ್ನು ಇವತ್ತೇ ಮುಚ್ಚಿದರೂ ಕೆಲಸ ಮುಗಿಯುವುದಿಲ್ಲ. ವರ್ಷಗಳಿಂದ ಕೆಸರಿನಲ್ಲಿ ಕೂತಿರುವ ರಂಜಕವು, ತಳದಲ್ಲಿ ಆಮ್ಲಜನಕ ಸತ್ತಾಗಲೆಲ್ಲ ಕಬ್ಬಿಣದ ಹಿಡಿತ ಬಿಟ್ಟು ಮೇಲೇಳುತ್ತದೆ, ಮತ್ತೆ ಪಾಚಿಗೆ ಮೇವಾಗುತ್ತದೆ. ಚರಂಡಿ ಮುಚ್ಚದೆ ಹೂಳೆತ್ತಿದರೂ ವ್ಯರ್ಥ, ಹೂಳೆತ್ತದೆ ಚರಂಡಿ ಮುಚ್ಚಿದರೂ ಅರ್ಧ ಕೆಲಸ. ದಡಕ್ಕೆ ಕಲ್ಲು ಹಾಸಿ ಬೇಲಿ ಹಾಕಿ ದೀಪ ನೆಡುವುದು ಕೆರೆಯ ಚಿಕಿತ್ಸೆಯಲ್ಲ.

ನಿಮ್ಮ ಊರಿನ ಕೆರೆಯ ನೀರಿನ ವರದಿ ಎಂದಾದರೂ ಕೈಗೆ ಬಂದರೆ, ಆಮ್ಲಜನಕದ ಅಂಕಿಯನ್ನು ಒಪ್ಪಿಕೊಳ್ಳುವ ಮುಂಚೆ ಮೂರು ವಿಷಯ ಕೇಳಿ: ಎಷ್ಟು ಗಂಟೆಗೆ ತೆಗೆದದ್ದು, ಎಷ್ಟು ಆಳದಿಂದ, ಕೆರೆಯ ಯಾವ ಮೂಲೆಯಿಂದ. ಈ ಮೂರೂ ಅದರಲ್ಲಿ ಬರೆದಿಲ್ಲವಾದರೆ ಇನ್ನೊಮ್ಮೆ ಅಳೆಯಿರಿ ಎಂದು ಲಿಖಿತವಾಗಿ ಕೇಳಿ, ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ ಎಂದೇ ಕೇಳಿ.