ಫ್ರಿಜ್ಜಿನ ಸರದಿ

ತಂಗಿ ಬೆಂಗಳೂರಿನಲ್ಲಿ ಪೇಸ್ಟ್ರಿ ಕೋರ್ಸ್ ಮಾಡುತ್ತಿದ್ದಾಳೆ. ಏಪ್ರಿಲ್‌ನಲ್ಲಿ ಅವಳ ಪರೀಕ್ಷೆ ವಾರ ಜೊತೆಗಿರಲು ಹೋಗಿದ್ದೆ. "ಬನ್ ಮಾಡೋಕೂ ಕಾಲೇಜಾ?" ಎಂದು ಊರಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

ನಾಲ್ಕೂವರೆಗೇ ಏಳುತ್ತಿದ್ದಳು. ಬಿಳಿ ಕೋಟಿಗೆ ಇಸ್ತ್ರಿ ಹಾಕಿ, ಉಗುರು ಕತ್ತರಿಸಿಕೊಂಡು, ಬಸ್ಸಿನಲ್ಲಿ ಗ್ರಾಂ ಲೆಕ್ಕ ಬಾಯಿಪಾಠ ಮಾಡುತ್ತಿದ್ದಳು. ಪ್ರಾಕ್ಟಿಕಲ್‌ಗೆ ಕ್ರೋಸಾಂಟ್ ಬಂತು. ಹಿಟ್ಟಿನೊಳಗೆ ಬೆಣ್ಣೆಯ ಹಾಳೆ ಇಟ್ಟು ಲಟ್ಟಿಸಿ, ಮೂರು ಮಡಿಕೆಯಂತೆ ಮೂರು ಸಲ ಮಡಚಿದರೆ 27 ಬೆಣ್ಣೆ ಪದರ. ಪ್ರತಿ ಮಡಿಕೆಯ ನಡುವೆ ಫ್ರಿಜ್ಜಿನಲ್ಲಿ ತಣ್ಣಗಾಗಬೇಕು. ಅವತ್ತು ಫ್ರಿಜ್ಜಿಗೆ ಸರದಿ. ಇವಳದು ಬರುವಷ್ಟರಲ್ಲಿ ಸೆಕೆಗೆ ಬೆಣ್ಣೆ ಕರಗಿ ಹಿಟ್ಟಿಗೆ ಸೇರಿತ್ತು.

ರಾತ್ರಿ ಒಂದನ್ನು ಡಬ್ಬಿಯಲ್ಲಿ ತಂದು ಕೊಯ್ದು ತೋರಿಸಿದಳು. "ನೋಡಣ್ಣ, ಒಳಗೆ ಜೇನುಗೂಡಿನ ಥರ ಇರಬೇಕಿತ್ತು. ಬನ್ ಆಗಿದೆ." ನನಗೆ ನಗು ಬರಲಿಲ್ಲ.

ಅಪ್ಪ ಫೋನ್ ಮಾಡಿದರು. ಕೋರ್ಸಿಗೆ ಸಾಲ ತೆಗೆದವರು ಅವರು. "ಚೆನ್ನಾಗಾಯ್ತಪ್ಪಾ" ಅಂದಳು. ಆಮೇಲೆ ಮರುದಿನದ ಥಿಯರಿಗೆ ಪುಸ್ತಕ ತೆಗೆದಳು.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಜಿಲ್ಲೆಯ ಶೇಕಡಾವಾರು ಸುದ್ದಿ ಕಳಿಸುವವನು ನಾನು. ಪಾಸು ಇಷ್ಟು, ಫೇಲು ಇಷ್ಟು. ಆ ಫೇಲಿನ ಲೆಕ್ಕದೊಳಗೆ ಎಷ್ಟು ಮಕ್ಕಳ ಫ್ರಿಜ್ಜಿನ ಸರದಿ ಇತ್ತೋ, ಒಮ್ಮೆಯೂ ಕೇಳಿಲ್ಲ.

ಈ ಸಲ ಕೇಳಬೇಕು.