ಕೊಂದರೂ ಸಾಯದ ಪ್ರೋಸೆಸ್

ರಾತ್ರಿ ಪಾಳಿಯಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಹಟ ಹಿಡಿದ ಪ್ರೋಸೆಸ್ಸನ್ನು ಕೊಲ್ಲುವ ‘ಕಿಲ್ ಮೈನಸ್ ನೈನ್’ ಆದೇಶ ಎಂದರೆ ಬ್ರಹ್ಮಾಸ್ತ್ರ. ಅದೂ ಕೈಕೊಡುತ್ತದೆ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯೊಂದರ ಲಿನಕ್ಸ್ ಸರ್ವರ್ ಕೆಟ್ಟು ನಿಂತ ರಾತ್ರಿ.

ಮಧ್ಯರಾತ್ರಿ ಕಳೆದಿತ್ತು. ಲ್ಯಾಬಿನಿಂದ ಫೋನ್ ಬಂತು: “ಸರ್, ರಿಪೋರ್ಟ್ ಓಪನ್ನೇ ಆಗ್ತಿಲ್ಲ. ಐಸಿಯುನವರು ಮೇಲಿಂದ ಮೇಲೆ ಕೇಳ್ತಿದ್ದಾರೆ.” ಲಾಗಿನ್ ಆಗಿ ನೋಡಿದರೆ ಲೋಡ್ ಎಂಬತ್ತು ದಾಟಿದೆ, ಸಿಪಿಯು ಮಾತ್ರ ಹೆಚ್ಚುಕಡಿಮೆ ಖಾಲಿ ಕೂತಿದೆ. ಬ್ಯಾಕಪ್ ಪ್ರೋಸೆಸ್ ಅಲುಗಾಡದೆ ನಿಂತಿತ್ತು. ಅದೇ ಡಿಸ್ಕನ್ನು ಮುಟ್ಟಿದ ಉಳಿದವೂ ಒಂದೊಂದಾಗಿ ಅದರ ಹಿಂದೆ ಸಿಕ್ಕಿಕೊಳ್ಳುತ್ತಿದ್ದವು.

ಪದ್ಧತಿಯಂತೆ ಮೊದಲು ಸಿಗ್ನಲ್ 15 ಕಳಿಸಿದೆ. ಫೈಲ್ ಮುಚ್ಚಿ ಹೊರಡು ಎಂಬ ಸೂಚನೆ ಅದು; ಪ್ರೋಗ್ರಾಮ್ ಕೇಳಬಹುದು, ಬಿಡಬಹುದು. ಜಗ್ಗಲಿಲ್ಲ. 9 ಕಳಿಸಿದೆ. ಅದನ್ನು ಯಾವ ಪ್ರೋಗ್ರಾಮೂ ಹಿಡಿಯುವಂತಿಲ್ಲ, ತಡೆಯುವಂತಿಲ್ಲ. ಆದರೂ ಪಿಎಸ್ ಪಟ್ಟಿಯಲ್ಲಿ ಅದೇ ಸಾಲು, ಅದೇ ಪಿಐಡಿ. ರೂಟ್ ಆಗಿ ಮತ್ತೆ ಕೊಟ್ಟೆ. ಊಹೂಂ. ಅಷ್ಟರಲ್ಲಿ ಲ್ಯಾಬಿನ ಫೋನು ಮತ್ತೆ ರಿಂಗಾಗತೊಡಗಿತು.

ಆಗ ಪಟ್ಟಿಯಲ್ಲಿ ಪ್ರೋಸೆಸ್ಸಿನ ಸ್ಥಿತಿ ತೋರಿಸುವ ಸ್ಟ್ಯಾಟ್ ಕಾಲಮ್ ನೋಡಿದೆ. ಸಿಕ್ಕಿಬಿದ್ದ ಪ್ರತಿ ಪ್ರೋಸೆಸ್ಸಿನ ಮುಂದೆಯೂ ‘ಡಿ’.

ಕರ್ನಲ್ ಯಾವ ಪ್ರೋಸೆಸ್ಸನ್ನೂ ಹೊರಗಿನಿಂದ ಕಿತ್ತೊಗೆಯುವುದಿಲ್ಲ. ಸಿಗ್ನಲ್ ಬಂದಿದೆ ಎಂದು ಅದರ ಲೆಕ್ಕದಲ್ಲಿ ಗುರುತು ಹಾಕಿಡುತ್ತದೆ, ಅಷ್ಟೆ. ಪ್ರೋಸೆಸ್ ಕರ್ನಲ್‌ನೊಳಗಿನ ಕೆಲಸ ಮುಗಿಸಿ ತನ್ನ ಕೋಡಿಗೆ ಮರಳುವ ಹೊತ್ತಿನಲ್ಲಿ ಆ ಗುರುತು ಕಣ್ಣಿಗೆ ಬಿದ್ದು, ಫೈಲ್, ಮೆಮೊರಿ ಎಲ್ಲ ಬಿಟ್ಟುಕೊಟ್ಟು ಮುಗಿಯುತ್ತದೆ. ಡಿ ಸ್ಥಿತಿಯಲ್ಲಿರುವುದು ಡಿಸ್ಕಿನ ಉತ್ತರಕ್ಕೆ ಕಾದು ಮಲಗಿರುತ್ತದೆ, ಸಿಗ್ನಲ್‌ಗೆ ಏಳುವುದಿಲ್ಲ. ಲಿನಕ್ಸ್ ಇಂಥವನ್ನೂ ಲೋಡಿಗೆ ಸೇರಿಸುತ್ತದೆ. ಖಾಲಿ ಸಿಪಿಯು ಮೇಲೆ ಅಷ್ಟು ಲೋಡ್ ಕಂಡದ್ದು ಅದಕ್ಕೇ.

ಕರ್ನಲ್ ಲಾಗ್ ತೆರೆದರೆ, ಬ್ಯಾಕಪ್ 120 ಸೆಕೆಂಡಿಗಿಂತ ಹೆಚ್ಚು ಹೊತ್ತಿನಿಂದ ತಡೆದು ನಿಂತಿದೆ ಎಂಬ ಎಚ್ಚರಿಕೆ, ಅದರ ಹಿಂದುಮುಂದೆ ಒಂದೇ ಡಿಸ್ಕಿನ ದೂರುಗಳು. “ರೀಬೂಟ್ ಹೊಡಿರಿ” ಅಂದರು ಮೇಲಿನವರು. ಮಾಮೂಲಿ ರೀಬೂಟ್ ಕೂಡ ಅದೇ ಡಿಸ್ಕಿಗೆ ಬರೆದು ಮುಗಿಸಲು ಕಾಯುತ್ತಾ ಕೂರುತ್ತದೆ. ಕರೆಂಟ್ ತೆಗೆದರೆ ಬರೆಯದೆ ಉಳಿದ ರಿಪೋರ್ಟುಗಳ ಗತಿ ಏನು? ನಾನು ಒಪ್ಪಲಿಲ್ಲ.

ಡಿಸ್ಕುಗಳು ಜೋಡಿಯಾಗಿದ್ದವು, ಒಂದರ ನಕಲು ಇನ್ನೊಂದರಲ್ಲಿ. ಸರ್ವರ್ ರೂಮಿನಲ್ಲಿದ್ದ ಹುಡುಗನಿಗೆ ಫೋನಿನಲ್ಲೇ ಕೆಟ್ಟ ಡಿಸ್ಕಿನ ಸೀರಿಯಲ್ ನಂಬರ್ ಓದಿಸಿದೆ. ಎರಡು ಸಲ ತಾಳೆ ನೋಡಿದ ಮೇಲೆ, “ಎಳೆದುಬಿಡಪ್ಪಾ” ಅಂದೆ. ಎಳೆದ. ಡಿಸ್ಕ್ ಕಂಟ್ರೋಲರ್ ಕೆಟ್ಟದ್ದರ ಆಸೆ ಬಿಟ್ಟು ಜೊತೆಯ ಡಿಸ್ಕಿನಿಂದ ಉತ್ತರ ಕೊಟ್ಟಿತು. ಕ್ಷಣದಲ್ಲಿ ಬ್ಯಾಕಪ್ ಪ್ರೋಸೆಸ್ ಪಟ್ಟಿಯಿಂದ ಮಾಯ. ಯಾವಾಗಲೋ ಕಳಿಸಿದ್ದ 9 ಆಗ ಅದಕ್ಕೆ ತಗುಲಿತ್ತು. ಉಳಿದವು ಎದ್ದು ಕೆಲಸಕ್ಕೆ ಹತ್ತಿದವು, ಲೋಡ್ ಇಳಿಯಿತು. “ಬಂತು ಸರ್” ಎಂದರು ಲ್ಯಾಬಿನವರು.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನನ್ನದೊಂದೇ ಮಾತು: ಸ್ಟ್ಯಾಟ್‌ನಲ್ಲಿ ಡಿ ಕಂಡು, ಅದು ಕದಲದೆ ಇದ್ದರೆ ಮತ್ತೆ ಮತ್ತೆ ಕಿಲ್ ಕೊಡುತ್ತಾ ಕೂರಬೇಡಿ. ಅದು ಯಾವುದಕ್ಕೆ ಕಾಯುತ್ತಿದೆ ನೋಡಿ, ಮೊದಲು ಅದನ್ನು ಸರಿಮಾಡಿ.