ಅಪ್ಪ ಫೋನ್ ಒಯ್ದಾನ್ರೀ ಸರ್

ಇಲ್ಲಿ ಬರೆದು ಬಹಳ ದಿನವಾಯಿತು. ದಸರಾ ರಜೆ, ಆಮೇಲೆ ಪೇಪರ್ ತಿದ್ದುವುದು, ಹೀಗೇ ಹೋಯಿತು. ಇವತ್ತು ಪಾಠದ ಸುದ್ದಿ ಬೇಡ, ಚದುರಂಗದ ಸುದ್ದಿ ಹೇಳುತ್ತೇನೆ. ಅದೂ ನಾನು ಗೆದ್ದ ಒಂದು ಆಟದ್ದು. ಗೆದ್ದೆ ಅಂತ ಹೇಳಿಕೊಳ್ಳಲು ಈಗಲೂ ಬಾಯಿ ಬರುವುದಿಲ್ಲ, ಆ ಮಾತು ಬೇರೆ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತಲ್ಲ, ಆಗ ನಮ್ಮ ಕೊಹೀರ್ ಸುತ್ತಲಿನ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ಚಿಂತೆ. ಕನ್ನಡ ಮಾಧ್ಯಮದ ಮಕ್ಕಳು ಎಷ್ಟು ಮಂದಿ ಇರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಒಂದು ಹುಡುಗ ತಪ್ಪಿಸಿಕೊಂಡರೂ ಬೆಂಚು ಖಾಲಿ ಕಾಣುತ್ತದೆ. ಫೋನಿನಲ್ಲಿ ಚದುರಂಗ ಆಡಿಸೋಣ ಅಂತ ಹೊಳೆಯಿತು. ಇಬ್ಬರೂ ಒಂದೇ ಹೊತ್ತಿಗೆ ಕೂತು ಆಡುವ ಆಟ ಅಲ್ಲ. ಒಬ್ಬರು ಒಂದು ನಡೆ ಇಟ್ಟು ಹೋಗುವುದು, ಇನ್ನೊಬ್ಬರು ಮೂರು ದಿನದೊಳಗೆ ಯಾವಾಗ ಬೇಕಾದರೂ ಉತ್ತರ ಕೊಡುವುದು. ಮನೆಗೆ ಒಂದೇ ಫೋನು ಇರುವ ನಮ್ಮ ಕಡೆಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ ಅಂದುಕೊಂಡೆ. (ಮನೆಗೆ ಒಂದೇ ಫೋನು ಅಂದರೆ ಏನು ಅನ್ನುವುದು ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ.)

ಒಂಬತ್ತನೆಯ ತರಗತಿಯ ಒಬ್ಬ ಹುಡುಗ ನನ್ನ ಜೊತೆಗೇ ಆಟಕ್ಕೆ ಕೂತ. ಅವನು ಶತರಂಜ್ ಕಲಿತದ್ದು ಅವನ ಊರಿನ ಒಂದು ಪಂಕ್ಚರ್ ಅಂಗಡಿಯಲ್ಲಿ. ಮಂತ್ರಿಗೆ ವಜೀರ್ ಅನ್ನುತ್ತಾನೆ, ಕುದುರೆಗೆ ಘೋಡಾ. ಚೆನ್ನಾಗಿ ಆಡುತ್ತಿದ್ದ. ಇಪ್ಪತ್ತು ನಡೆ ಆಗುವಷ್ಟರಲ್ಲಿ ನನ್ನ ಒಂದು ಆನೆ ಹೋಗಿತ್ತು, ನನ್ನ ರಾಜ ಮೂಲೆಯಲ್ಲಿ ಉಸಿರುಗಟ್ಟಿ ಕೂತಿದ್ದ. ಆಮೇಲೆ ಅವನಿಂದ ನಡೆ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ..

ಕೆಲವು ತಾಣಗಳಲ್ಲಿ ಸಮಯ ಮುಗಿದರೆ ಆಟ ತಾನೇ ಮುಗಿದುಹೋಗುತ್ತದೆ. ನಾವು ಆಡುತ್ತಿದ್ದ ಕಡೆ ಹಾಗಿರಲಿಲ್ಲ. ಎದುರಾಳಿಯ ಹೊತ್ತು ಮುಗಿದಿದೆ, ಗೆಲುವು ಬೇಕೇ ಅಂತ ಒಂದು ಗುಂಡಿ ಬರುತ್ತಿತ್ತು. ಒತ್ತಬಹುದು, ಸುಮ್ಮನೆ ಕಾಯಲೂಬಹುದು. ನಾನು ಒತ್ತಿದೆ. ಶಿಸ್ತು ಕಲಿಯಲಿ ಅಂತ ಒತ್ತಿದೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಸೋಲುತ್ತಿದ್ದೆ, ಅದಕ್ಕೇ ಒತ್ತಿದೆ. ಸಾಲದ್ದಕ್ಕೆ ವಾಟ್ಸಾಪ್ ಗುಂಪಿನಲ್ಲಿ ನಗುವ ಚಿತ್ರ ಹಾಕಿ ‘ಮೇಷ್ಟ್ರು ಗೆದ್ದರು’ ಅಂತಲೂ ಬರೆದೆ.

ಐದಾರು ದಿನ ಬಿಟ್ಟು ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

‘ಸರ್, ಅಪ್ಪ ಫೋನ್ ಒಯ್ದಾನ್ರೀ. ಪಟ್ಣಕ್ಕ ಕೆಲಸಕ್ಕ ಹೋಗ್ಯಾನ್ರೀ. ಇದು ಕಾಕಾನ ಫೋನ್ ಅದರೀ.’

‘ಇರಲಿ ಬಿಡಪ್ಪ.’

‘ಗೆಲ್ಲಾಕತ್ತಿದ್ದು ನಾನೇ ಅಲ್ರೀ ಸರ್?’

‘ಹೌದು.’

‘ಹಂಗಾದ್ರ ಸೋತಿದ್ದು ನಾ ಯಾಕ್ರೀ?’

ಇಷ್ಟು ವರ್ಷ ಪಾಠ ಹೇಳಿದ್ದೇನೆ, ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ನಿಯಮ ಹಾಗಿದೆ ಅಂದೆ. ಆಯ್ತ್ರೀ ಸರ್ ಅಂದು ಇಟ್ಟುಬಿಟ್ಟ. ಮುಂದಿನ ಆಟಕ್ಕೆ ಕರೆದರೆ ಬರಲಿಲ್ಲ.

ಆ ಮೇಲೆ ಈ ನಿಯಮಗಳು ಎಲ್ಲಿಂದ ಬಂದವು ಅಂತ ಹುಡುಕಿ ಓದಿದೆ. ಅಂಚೆಯ ಚದುರಂಗಕ್ಕೆ 1951ರಿಂದ ಐಸಿಸಿಎಫ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅಂಚೆ ಕಾರ್ಡಿನ ಕಾಲದಲ್ಲಿ ಹತ್ತು ನಡೆಗೆ ಮೂವತ್ತು ದಿನ ಕೊಡುತ್ತಿದ್ದರು. ಆದರೆ ಆ ಮೂವತ್ತು ದಿನದ ಲೆಕ್ಕ ನೋಡಿ: ಕಾರ್ಡು ಕೈಗೆ ಬಂದ ದಿನದಿಂದ ಉತ್ತರ ಡಬ್ಬಿಗೆ ಹಾಕುವ ದಿನದವರೆಗೆ ಮಾತ್ರ. ಕಾರ್ಡು ಅಂಚೆ ಚೀಲದಲ್ಲಿ, ರೈಲಿನಲ್ಲಿ, ಹಡಗಿನಲ್ಲಿ ಎಷ್ಟು ದಿನ ಬಿದ್ದಿದ್ದರೂ ಆಟಗಾರನ ಲೆಕ್ಕಕ್ಕೆ ಬರುವುದಿಲ್ಲ. ಇಂಟರ್ನೆಟ್ ಬಂದ ಮೇಲೆ ನಡೆ ಕಣ್ಣು ಮಿಟುಕಿಸುವುದರಲ್ಲಿ ತಲುಪುತ್ತದೆ, ಹಾಗಾಗಿ ದಾರಿಯ ದಿನಗಳನ್ನು ಕಳೆಯುವ ಲೆಕ್ಕವೇ ಬೇಕಾಗಲಿಲ್ಲ. ಆಟಗಾರನ ಕೈಯಲ್ಲೇ ಫೋನು ಇರುತ್ತದೆ ಅಂತ ಎಲ್ಲರೂ ಹಿಡಿದುಬಿಟ್ಟರು. ನಮ್ಮ ಹುಡುಗನ ಫೋನು ಅಪ್ಪನ ಜೇಬಿನಲ್ಲಿ ಹೈದರಾಬಾದಿನಲ್ಲಿತ್ತು. ನನ್ನ ನಡೆ ತಾಣಕ್ಕೆ ತಲುಪಿತ್ತು, ಅವನಿಗೆ ತಲುಪಿರಲೇ ಇಲ್ಲ. ನಾನು ಅಂಚೆ ಚೀಲದ ದಿನಗಳನ್ನು ಅವನ ಲೆಕ್ಕಕ್ಕೆ ಬರೆದಿದ್ದೆ.

ಹಾಗಂತ ಬರದವರಿಗೆಲ್ಲ ಕಾಯುತ್ತಾ ಕೂತರೆ ಆಗುತ್ತದೆಯೇ? ಅದನ್ನೂ ಮಾಡಿ ನೋಡಿದೆ. ಎಂಟು ಮಕ್ಕಳ ಒಂದು ಪಂದ್ಯ ಇಟ್ಟು, ಯಾರೂ ಗುಂಡಿ ಒತ್ತಬಾರದು ಅಂದೆ. ಬತುಕಮ್ಮ, ದಸರಾ ರಜೆ ಬಂತು, ಮೂರು ಮಂದಿ ಮಾಯ. ತಿಂಗಳಾದರೂ ಪಂದ್ಯ ಮುಗಿಯಲಿಲ್ಲ. ಒಬ್ಬ ಹುಡುಗಿ ದಿನಾ ಬೆಳಿಗ್ಗೆ ಎದ್ದು ಅಕ್ಕನ ಫೋನಿನಲ್ಲಿ ನೋಡುತ್ತಿದ್ದಳು, ಎದುರಿನ ಹುಡುಗನ ನಡೆ ಬಂತೇ ಅಂತ. ಕೊನೆಗೆ ನನಗೇ ಕೇಳಿದಳು, ‘ಸರ್, ದಿನಾ ಬರಾಕಿ ನಾನು, ಬರಲಾರದವಂಗೇ ಯಾಕ್ರೀ ಮಾಫಿ?’ ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗ ಇನ್ನೊಂದು ಆಟದಲ್ಲಿ ದಿನಾ ನಡೆ ಇಡುತ್ತಿದ್ದ, ಇವಳ ಜೊತೆ ಸೋಲುತ್ತಿದ್ದ ಆಟವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಫೋನಿನ ಕಷ್ಟ ಅಲ್ಲ, ಸೋಲು ಒಪ್ಪಲಾರದ ಹಟ. ಸೋಲುವ ಆಟವನ್ನು ಕೊಳೆಯಲು ಬಿಡುವ ಈ ಚಾಳಿ ದೊಡ್ಡವರಲ್ಲೂ ಇದೆ. ಚದುರಂಗ ತಾಣಗಳಲ್ಲೂ ಇದರ ಬಗ್ಗೆ ಜಗಳವಿದೆ. ಅವನನ್ನು ಕರೆದು ಮರುದಿನವೇ ಆಟ ಮುಗಿಸು ಅಂದೆ. ಮುಗಿಸಿದ, ಸೋತ, ಎರಡು ದಿನ ನನ್ನ ಮೇಲೆ ಸಿಟ್ಟಾಗಿದ್ದ. ಇರಲಿ.

ಈಗ ನಾವು ಮೂರು ದಿನದ ಬದಲು ಏಳು ದಿನದ ಆಟ ಆಡುತ್ತೇವೆ. ರಜೆಯಲ್ಲಿ ಹೊಸ ಆಟ ಶುರು ಮಾಡುವುದಿಲ್ಲ. ಐದು ದಿನ ನಡೆ ಬರದಿದ್ದರೆ ಆ ಮಗು ಬೇರೆ ಆಟದಲ್ಲಿ ಇದೆಯೇ ಅಂತ ನೋಡುತ್ತೇನೆ. ಇದ್ದರೆ ಗದರುತ್ತೇನೆ. ಇಲ್ಲದಿದ್ದರೆ ಮನೆಗೆ ಫೋನು ಮಾಡುತ್ತೇನೆ, ಫೋನೂ ಹತ್ತದಿದ್ದರೆ ಆ ಊರಿನಿಂದ ಬರುವ ಮಕ್ಕಳ ಕೈಯಲ್ಲಿ ಚೀಟಿ. ಚೀಟಿಯಲ್ಲಿ ನಡೆ ಬರೆದು ಕಳಿಸಿದರೂ ಸರಿ, ನಾನೇ ಬೋರ್ಡಿನಲ್ಲಿ ಇಟ್ಟು ಆಟ ಮುಂದುವರಿಸುತ್ತೇನೆ. ಇಷ್ಟಾದ ಮೇಲೂ ಉತ್ತರ ಇಲ್ಲದಿದ್ದರೆ ಎದುರಿನ ಮಗುವಿಗೆ ಗೆಲುವು. ಆಗ ಅದನ್ನು ತಡೆಯುವುದಿಲ್ಲ, ಅದು ಕಾದಿದೆ.

ಹೀಗೆ ವಿಚಾರಿಸಲು ಹೋದಾಗಲೇ ಒಂದು ಸಲ ತಿಳಿಯಿತು, ನಡೆ ನಿಲ್ಲಿಸಿದ್ದ ಒಬ್ಬ ಏಳನೆಯ ತರಗತಿಯ ಹುಡುಗಿ ಶಾಲೆಯನ್ನೇ ಬಿಡುವವಳಿದ್ದಳು. ಮನೆಯವರು ಅವಳನ್ನು ಕೆಲಸದ ಊರಿಗೆ ಕರೆದುಕೊಂಡು ಹೊರಟಿದ್ದರು. ಹಾಜರಿ ಪುಸ್ತಕದಲ್ಲಿ ಅದು ಕಾಣಲು ಇನ್ನೂ ಎರಡು ವಾರ ಬೇಕಿತ್ತು. ಅಜ್ಜಿಯ ಮನೆಯಲ್ಲಿ ಉಳಿಸಿ ಅಂತ ನಾನೂ ಇನ್ನೊಬ್ಬ ಟೀಚರೂ ಹೋಗಿ ಕೈಮುಗಿದು ಬಂದೆವು. ಆ ವರ್ಷ ಉಳಿದಳು.

ಆ ಮೊದಲ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ ನೋಡಿ. 2021ರ ಫೆಬ್ರವರಿ 1ರಂದು ಒಂಬತ್ತು, ಹತ್ತರ ತರಗತಿಗಳು ಮತ್ತೆ ತೆರೆದವು. ನಾನು ಹಳೆಯ ಆಟದ ಕೊನೆಯ ಸ್ಥಿತಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಬೋರ್ಡಿನ ಮೇಲೆ ಅದೇ ಜಾಗದಲ್ಲಿ ಕಾಯಿ ಜೋಡಿಸಿಟ್ಟೆ. ದೂರದಿಂದ ನೋಡಿದ. ಹತ್ತಿರ ಬಂದ. ನನ್ನ ಒಂದು ಕಾಲಾಳು ತಪ್ಪು ಮನೆಯಲ್ಲಿತ್ತು, ಏನೂ ಹೇಳದೆ ಅದನ್ನು ಸರಿಸಿಟ್ಟ. ಆರು ತಿಂಗಳಾದರೂ ಪೂರ್ತಿ ನೆನಪಿತ್ತು ಅವನಿಗೆ.

ಹನ್ನೊಂದು ನಡೆಯಲ್ಲಿ ನನ್ನನ್ನು ಸೋಲಿಸಿದ. ತಾಣದಲ್ಲಿ ಮಾತ್ರ ಅದು ನನ್ನ ಗೆಲುವು ಅಂತಲೇ ಇತ್ತು, ಅದನ್ನು ತಿದ್ದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇದನ್ನು ಬರೆಯುವಾಗ ಎಂಟನೆಯ ತರಗತಿಯ ಒಬ್ಬನಿಂದ ಐದು ದಿನವಾಯಿತು ನಡೆ ಬಂದಿಲ್ಲ. ಬೇರೆ ಆಟದಲ್ಲೂ ಇಲ್ಲ. ಅವರ ಮನೆಗೆ ಫೋನು ಮಾಡಬೇಕು, ಉಳಿದದ್ದು ಇನ್ನೊಮ್ಮೆ.